ವನದುರ್ಗದಲ್ಲಿ ಉಳಿದ ಪ್ರತಿ

ಯಶೋಧರಾ ಒಂದು ಕಡೆ ಕೂತವಳೇ ಅಲ್ಲ. ಶಹಾಪುರದ ಕಾಲೇಜಿನಲ್ಲಿ ಗುಮಾಸ್ತೆ, ಮನೆ ವನದುರ್ಗದಲ್ಲಿ. ಕೆಲಸದ ನಡುವೆಯೂ ಎದ್ದು ಹೋಗಿ ಮನೆಯಲ್ಲಿದ್ದ ತಾಯಿಗೆ ಫೋನು ಹಚ್ಚುವಳು: "ಸರ್ವರಿನ ದೀಪ ಉರಿಯಾಕತ್ತದೇನು, ನೋಡಬೇ."

ಅದು ಬೀಜ ಸಂಘದ ಸರ್ವರ್. ಯಾವ ಮನೆಯವರು ಎಷ್ಟು ಜವಾರಿ ತೊಗರಿ ಬೀಜ ಕೊಟ್ಟರು, ಬಿತ್ತನೆಗೆ ಅದು ಯಾರಿಗೆ ಹೋಗಬೇಕು ಎಂಬುದನ್ನೆಲ್ಲ ಸಂಘದವರು ಬ್ಲಾಕ್‌ಚೈನಿನಲ್ಲಿ ಬರೆದಿಡುತ್ತಿದ್ದರು. ಐದು ಊರು, ಐದು ಸರ್ವರ್, ಐದರಲ್ಲೂ ಅದೇ ಪ್ರತಿ. ಮೂರಾದರೂ ಒಪ್ಪದೆ ಹೊಸ ಸಾಲು ಸೇರದು. ಹಾಗಾಗಿ ಒಬ್ಬರೇ ಕೂತು ಗುಟ್ಟಾಗಿ ತಿದ್ದುವ ಮಾತೇ ಇರಲಿಲ್ಲ.

ಬೇಸಿಗೆಯಲ್ಲಿ ಸಂಘದ ಕಾರ್ಯದರ್ಶಿ ಭೀಮಾಶಂಕರ ಮನೆಗೆ ಬಂದರು.

"ಊರೂರಿಗೆ ಕರೆಂಟಿನ ಕಿರಿಕಿರಿ ಐತವ್ವ. ಉಳದ ನಾಕೂ ಸರ್ವರ್ ತಂದು ಸುರಪುರದಾಗ ಒಂದ ಖೋಲ್ಯಾಗ ಇಟ್ಟೀವಿ. ನಿಂದೂ ಕೊಟ್ಟುಬಿಡು."

"ಒಂದ ಖೋಲ್ಯಾಗ ಇಡೂದಾದ್ರ ಐದು ಯಾಕ ಬೇಕ್ರಿ?"

"ನಿನಗ ಎಲ್ಲಾದರ ಮ್ಯಾಲೂ ಸಂಶಯ," ಎಂದು ಅವರು ಎದ್ದು ಹೋದರು.

ಅವಳು ಕೊಡಲಿಲ್ಲ. ಆದರೆ ಕೊಡದೆಯೂ ನೆಮ್ಮದಿಯಿಲ್ಲ. ತನ್ನದೇ ತಪ್ಪೇನೋ, ಸಂಘಕ್ಕೆ ತಾನೇ ಅಡ್ಡಗಾಲೇನೋ ಎಂದು ಒಳಗೊಳಗೇ ಕುದಿದಳು.

ಜೂನಿನ ಮೊದಲ ಮಳೆಯಲ್ಲಿ ಸುರಪುರದ ಆ ಕೋಣೆಗೆ ಸಿಡಿಲು ಬಡಿಯಿತು. ನಾಲ್ಕೂ ಸರ್ವರ್‌ಗಳು ಸುಟ್ಟುಹೋದವು. ಮರುದಿನ ಕಕ್ಕೇರಾದಿಂದ ಬೀಜದ ಕೋಣೆ ನೋಡಿಕೊಳ್ಳುವ ದೇವಕಮ್ಮ ಫೋನು ಮಾಡಿದಳು.

"ಯಾರ ಬೀಜ ಯಾರಿಗಂತ ಮಂದಿ ಜಗಳಾಡಾಕತ್ತಾರ. ನಿನ್ನ ಹತ್ರಾದ್ರೂ ಲೆಕ್ಕ ಉಳದದೇನವ್ವ?"

"ಉಳದದ, ದೇವಕ್ಕ. ಒಂದು ಸಾಲೂ ಹೋಗಿಲ್ಲ. ಬಂದೆ."

ರಜೆಯ ಚೀಟಿ ಮೇಜಿನ ಮೇಲೆ ಎಸೆದು ಬಸ್ಸು ಹಿಡಿದಳು. ಕಕ್ಕೇರಾದಲ್ಲಿ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು, ಇಂಟರ್ನೆಟ್ಟಿನಲ್ಲಿ ಮನೆಯ ಸರ್ವರಿಗೆ ಸೇರಿಸಿ, ವನದುರ್ಗದ ಪ್ರತಿಯಿಂದ ಒಂದೊಂದೇ ಹೆಸರು ಗಟ್ಟಿಯಾಗಿ ಓದಿದಳು. ಗದ್ದಲ ಇಳಿಯಿತು. ಹಿಂದೆಯೇ ಬಂದ ಭೀಮಾಶಂಕರ ಗುಂಪಿನಂಚಿನಲ್ಲಿ ತಲೆ ತಗ್ಗಿಸಿ ನಿಂತಿದ್ದರು.

"ತಪ್ಪಾತವ್ವ."

"ಅದನ್ನ ಆಮ್ಯಾಲ ಮಾತಾಡೂಣ್ರಿ. ಬೀಜ ಕೊಟ್ಟದ್ದು ದಾಖಲ ಆಗಬೇಕಂದ್ರ ಇನ್ನೂ ಎರಡು ಸರ್ವರ್ ಬೇಕು. ಹಳೇ ಕಂಪ್ಯೂಟರ್ ಆದ್ರೂ ನಡೀತದ, ಆದ್ರ ಬ್ಯಾರೆ ಬ್ಯಾರೆ ಊರಾಗ ಇಡೂಣು."

ಅವರು ಅವತ್ತೇ ಎರಡು ಹುಡುಕಿ ತಂದರು. ಒಂದು ದೇವಕಮ್ಮನ ಮನೆಯಲ್ಲಿ ಕೂತಿತು, ಇನ್ನೊಂದು ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನಲ್ಲಿ. ಮೂರನೇ ದಿನಕ್ಕೆ ಮೂರೂ ಒಪ್ಪಿ ಹೊಸ ಸಾಲು ಸೇರಿತು. ತೊಗರಿ ಹೊಲಕ್ಕೆ ಹೋಯಿತು.

ಮತ್ತೆ ಐದಾಗಲು ಇನ್ನೂ ಎರಡು ಬೇಕಿತ್ತು, ಅವಕ್ಕೆ ಜಾಗ ಸಿಕ್ಕಿರಲಿಲ್ಲ. ರವಿವಾರ ತಾಯಿ ಊಟಕ್ಕೆ ಕರೆಯುವಷ್ಟರಲ್ಲಿ ಯಶೋಧರಾ ಜಾಗ ಹುಡುಕಲು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದಳು.