ಬಾಗಿಲಿನ ಪಾತ್ರ

ಆನೆ ಹೇಗೆ ಬಗ್ಗಿ ನೀರು ಕುಡಿಯುತ್ತದೆಂದು ತೋರಿಸಲು ಹೋಗಿ ನಾಟಕದ ಮೇಷ್ಟ್ರ ಪ್ಯಾಂಟು ಹಿಂದುಗಡೆ ಪರ್ರನೆ ಹರಿಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಗೋಡೆಗೆ ಬೆನ್ನು ಕೊಟ್ಟು ನಿಂತು, ನಾಟಕ ಅಂದ ಮೇಲೆ ಪರದೆ ಸರಿಯಲೇಬೇಕಲ್ಲ ಎಂದರು. ನಗದೇ ಇದ್ದವಳು ಮೂಲೆಯ ಹುಡುಗಿ ಒಬ್ಬಳೇ. ತನ್ನ ಅಂಗಿಯ ಸೇಫ್ಟಿ ಪಿನ್ನು ಬಿಚ್ಚಿ ತಂದು ಅವರ ಅಂಗೈಯಲ್ಲಿಟ್ಟಳು. ತುಟಿ ಮಾತ್ರ ಬಿಚ್ಚಲಿಲ್ಲ.

ಮಕ್ಕಳು ಅವಳಿಗೆ ಮ್ಯೂಟ್ ಬಟನ್ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಅಜ್ಜಿಯ ಬಾಯಿ ಮುಚ್ಚಿಸುವಷ್ಟು ಮಾತಾಡುವವಳು, ಶಾಲೆಯ ಗೇಟು ದಾಟಿದರೆ ಹೂಂ ಉಹೂಂ ಕೂಡ ಇಲ್ಲ. ವರ್ಷ ಮುಗಿಯುವುದರೊಳಗೆ ನಾಲ್ಕು ಜನರೆದುರು ಬಾಯಿಬಿಡದಿದ್ದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದು ಹೆಡ್‌ಮಿಸ್ಸು ಹೇಳಿಬಿಟ್ಟಿದ್ದರು. ಹುಡುಗಿಯ ತಾಯಿ ಬಂದು ಮೇಷ್ಟ್ರೆದುರು ಕಣ್ಣೀರು ಹಾಕಿದರು. ಎಡಗಣ್ಣಿನದು ಮೊದಲು ಬಂತು ಎಂಬುದನ್ನು ಮೇಷ್ಟ್ರು ಗಮನಿಸಿದರು. ಅಷ್ಟೇ.

ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಎಲ್ಲವೂ ಹೀಗೇ ಆಗಿತ್ತು. ಅವತ್ತೂ ಅಳು ಬರಲಿಲ್ಲ. ಬಂದವರಿಗೆ ಕೂರಲು ಜಾಗ ಮಾಡುವುದರಲ್ಲೇ ಹೊತ್ತು ಹೋಯಿತು. ಈಗ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಊಟ. ಅಕ್ಕ ಫೋನು ಮಾಡಿ ಹೇಗಿದ್ದೀಯೋ ಎಂದರೆ, ಇದ್ದೀನಿ ಎನ್ನುತ್ತಿದ್ದರು. ‘ಹೇಗೆ’ಯನ್ನು ಅಕ್ಕನಿಗೇ ಬಿಟ್ಟು. ತರಗತಿಯಲ್ಲಿ ಮಾತ್ರ ಕೋಪ, ಭಯ, ದುಃಖವನ್ನೆಲ್ಲ ಬಟ್ಟೆ ಅಂಗಡಿಯವನು ಥಾನು ಬಿಚ್ಚಿದ ಹಾಗೆ ಹರವಿ ತೋರಿಸುವರು. ತಮಗೆಂದು ಒಂದು ತುಂಡೂ ಇಟ್ಟುಕೊಳ್ಳರು.

ಪುಕ್ಕಲು ಮಕ್ಕಳಿಗೆ ಅವರದೊಂದು ಪದ್ಧತಿ. ಮೊದಲ ಪಾತ್ರ ಮನುಷ್ಯರದಲ್ಲ, ಸಾಮಾನಿನದು: ನಲ್ಲಿ, ಗಡಿಯಾರ, ಮೇಜು. ಮಾತಾಡು ಎಂದು ಮೇಜನ್ನು ಯಾರೂ ಪೀಡಿಸುವುದಿಲ್ಲವಲ್ಲ. ಹುಡುಗಿಗೆ ಬಾಗಿಲಿನ ಪಾತ್ರ ಸಿಕ್ಕಿತು. ಕೈಚಾಚಿ ನಿಲ್ಲಬೇಕು, ಯಾರಾದರೂ ಬಂದರೆ ತಿರುಗಿ ದಾರಿ ಬಿಡಬೇಕು, ಮತ್ತೆ ಮುಚ್ಚಿಕೊಳ್ಳಬೇಕು. ಅವಳದು ಎಂಥ ನಿಷ್ಠೆಯೆಂದರೆ, ಭುಜ ತಟ್ಟದೆ ಒಳಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

ತಂದೆತಾಯಿಯರೆದುರು ನಾಟಕವಾಡುವ ದಿನ ಸಿಂಹಾಸನಕ್ಕೆ ಜ್ವರ ಬಂತು. ಮೇಷ್ಟ್ರೇ ಕಂಬಳಿ ಹೊದ್ದು, ಮಂಡಿಯೂರಿ ಸಿಂಹಾಸನವಾದರು. ರಾಜ ಬಂದ. ಜನರನ್ನು ಕಂಡು ಗಾಬರಿಬಿದ್ದು, ಬಾಗಿಲನ್ನು ಮರೆತು, ಇಲ್ಲದ ಗೋಡೆಯನ್ನು ಸೀಳಿಕೊಂಡು ನೆಟ್ಟಗೆ ನಡೆದುಬಂದು ಮೇಷ್ಟ್ರ ಬೆನ್ನ ಮೇಲೆ ಕೂತುಬಿಟ್ಟ.

“ಏಯ್, ಅದು ಗೋಡೆ,” ಎಂದಿತು ಬಾಗಿಲು. ಕೊನೆಯ ಸಾಲಿಗೂ ಮುಟ್ಟುವ ದನಿ. “ಬಾಗಿಲು ನಾನಿಲ್ಲಿ ನಿಂತಿದೀನಿ, ಕಾಣಲ್ವಾ? ಎದ್ದು ಹೋಗಿ ಸರಿಯಾಗಿ ಬಾ.”

ರಾಜ ತೆಪ್ಪಗೆ ಎದ್ದು ಹೋಗಿ ಸರಿಯಾಗಿ ಬಂದ. ಬಾಗಿಲು ತೆರೆಯಿತು, ಮುಚ್ಚಿತು. ಜನ ಚಪ್ಪಾಳೆ ತಟ್ಟುತ್ತಿರುವಾಗಲೇ ಹೆಡ್‌ಮಿಸ್ಸು ಹುಡುಗಿಯ ತಾಯಿಯ ಕಿವಿಯ ಹತ್ತಿರ ಬಗ್ಗಿ, ಇಲ್ಲೇ ಓದಲಿ ಬಿಡಿ ಎಂದರು.

ನಾಟಕ ಮುಗಿದ ಮೇಲೆ ತಾಯಿ ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಕೇಳಿದರು: “ಸರ್, ಅವಳ ದನಿ ಕೇಳಿದಾಗ ನಿಮಗೆ ಏನನ್ನಿಸ್ತು?”

ಮೇಷ್ಟ್ರು ಹಾರಿಕೆಯ ಉತ್ತರ ಕೊಡಲಿಲ್ಲ. ಖಾಲಿ ಮನೆಯಲ್ಲಿ ಕೋಣೆ ಕೋಣೆಗೂ ಇಣುಕುವವರ ಹಾಗೆ, ಕಣ್ಣು ಮುಚ್ಚಿ ಒಳಗೆಲ್ಲ ಹುಡುಕಿದರು.

“ರಾಜ ಸ್ವಲ್ಪ ಭಾರ ಇದ್ದ,” ಎಂದರು. “ಕಾಲು ಜೋಮು ಹಿಡಿದುಬಿಟ್ಟಿತ್ತಮ್ಮ.”