ಸೆಲ್ವಿಯ ನಲ್ಲಿ ಕಾನೂನು

ಊರಿಗಾಂನ ನಮ್ಮ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ನಲ್ಲಿಯ ಮುಂದೆ ಸಾಲು ನಿಲ್ಲುವುದು ಮನುಷ್ಯರಲ್ಲ, ಬಿಂದಿಗೆಗಳು. ಬೇತಮಂಗಲದ ಕೆರೆಯ ನೀರು ಯಾವಾಗ ಬರುತ್ತದೋ ಅದಕ್ಕೇ ಗೊತ್ತಿಲ್ಲ. ಹಾಗಾಗಿ ಬಿಂದಿಗೆ ಇಟ್ಟು ಒಲೆ ನೋಡಲು ಹೋಗುವುದು ಅಜ್ಜಿಯರ ಕಾಲದ ಪದ್ಧತಿ. ಅದಕ್ಕೆ ಕಲ್ಲು ಹಾಕಿದವಳು ನಮ್ಮ ಲೈನಿನ ಸೆಲ್ವಿ. ನೀರು ಬಂದಾಗ ಒಡತಿ ಪಕ್ಕದಲ್ಲಿಲ್ಲದ ಬಿಂದಿಗೆಯನ್ನು ಕಾಲಿನಿಂದ ಸಾಲಿನ ಕೊನೆಗೆ ತಳ್ಳುತ್ತಿದ್ದಳು. "ಆಳಿದ್ರೆ ಯಾರೂ ಮುಟ್ಟಂಗಿಲ್ಲ, ಆಳಿಲ್ದಿದ್ರೆ ಆಚೆ" ಎಂಬುದು ಅವಳ ಕಾನೂನು. ನನ್ನ ಬಿಂದಿಗೆಯೂ ಒಮ್ಮೆ ಚರಂಡಿ ಪಕ್ಕ ಹೋಗಿ ಕೂತಿತ್ತು. ಆ ಸಿಟ್ಟು ನನಗಿನ್ನೂ ಇದೆ.

ಹೆಚ್ಚು ತಳ್ಳಿಸಿಕೊಂಡಿದ್ದು ಪಕ್ಕದ ಮನೆ ಮುತ್ಯಾಲಮ್ಮನ ಹಸಿರು ಬಿಂದಿಗೆ. ಎಲೆ ಅಡಿಕೆ ಹಾಕಿಕೊಂಡು ಮಾತಿಗೆ ಕೂತರೆ ಆಕೆಗೆ ಲೋಕವೇ ಮರೆತುಹೋಗುತ್ತದೆ. ಆಕೆಯ ಮಗ ಗೋಪಾಲ್, ಸೆಲ್ವಿ ಇಬ್ಬರೂ ಬಂಗಾರಪೇಟೆಯ ಒಂದೇ ಆಫೀಸಿನಲ್ಲಿದ್ದಾರೆ. ಶಾಲೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಪುಟ್ಟ ಆಫೀಸು. ಅಲ್ಲಿನ ಸರ್ವರ್ ಸೆಲ್ವಿಯ ಸಾಮ್ರಾಜ್ಯ. ಮೌಸ್ ಮುಟ್ಟಿದರೆ ಅವಳಿಗೆ ಅವಮಾನ. ಕಪ್ಪು ಪರದೆಯ ಮೇಲೆ ಕಮಾಂಡ್ ಹೊಡೆದೇ ಡಾಕರ್ ಎಂಬ ತಂತ್ರಾಂಶದ ಕಂಟೈನರ್‌ಗಳನ್ನು ಎಬ್ಬಿಸುತ್ತಾಳೆ, ಮಲಗಿಸುತ್ತಾಳೆ. ಅಲ್ಲಿ ಇಮೇಜ್ ಎಂದರೆ ಪ್ರೋಗ್ರಾಮಿನ ಅಚ್ಚು. ಅದರಿಂದ ತೆಗೆದು ಓಡಲು ಬಿಟ್ಟ ಪ್ರತಿಯೇ ಕಂಟೈನರ್. ಪ್ರತಿಯನ್ನು ಅಳಿಸಿದರೆ ಅದರೊಳಗೆ ಮಾಡಿದ ತಿದ್ದುಪಡಿಯೂ ಹೋಗುತ್ತದೆ, ಹಳೆಯ ಅಚ್ಚು ಮಾತ್ರ ಉಳಿಯುತ್ತದೆ.

ಗೋಪಾಲನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹಾಜರಾತಿಯ ಪ್ರೋಗ್ರಾಂ ಒಂದನ್ನು ಕಂಟೈನರ್ ಒಳಗೇ ತಿದ್ದಿ ತೀಡಿದ್ದ. ಮರುದಿನ ಮ್ಯಾನೇಜರ್ ಅಂಬರೀಶ್ ಅದನ್ನು ನೋಡಿ ಒಪ್ಪಿದರೆ ಕೆಲಸ ಗಟ್ಟಿ. ಮಧ್ಯಾಹ್ನ ಕಂಟೈನರ್ ನಿಲ್ಲಿಸಿ ಊಟಕ್ಕೆ ಹೋದ. ಅದೇ ಹೊತ್ತಿಗೆ ಡಿಸ್ಕ್ ತುಂಬಿತೆಂದು ಸರ್ವರ್ ಗೋಳಾಡಿತು. ಸೆಲ್ವಿ ಪಟ್ಟಿ ತೆಗೆದು ನೋಡಿದರೆ ಅರ್ಧಕ್ಕರ್ಧ ನಿಂತುಹೋದ ಕಂಟೈನರ್‌ಗಳು. ನಲ್ಲಿಯ ಬುದ್ಧಿ ಇಲ್ಲೂ ಬಂತು. 'ಪ್ರೂನ್', ಅಂದರೆ ಸವರಿಹಾಕು, ಎಂದು ಹೊಡೆದಳು. ನಿಂತದ್ದೆಲ್ಲ ಅಳಿಸಿಹೋಗುತ್ತದೆ, ಸರಿಯೇ ಎಂದು ಯಂತ್ರ ಕೇಳಿತು. ಅಷ್ಟು ಕೇಳುವ ಸೌಜನ್ಯ ನಮ್ಮ ಬಿಂದಿಗೆಗಳಿಗಂತೂ ಸಿಕ್ಕಿರಲಿಲ್ಲ. ಸರಿ ಎಂದು ಒತ್ತಿದಳು.

ಊಟ ಮುಗಿಸಿ ಬಂದ ಗೋಪಾಲ್ ಪರದೆ ನೋಡಿದವನೇ ತಲೆ ಮೇಲೆ ಕೈಹೊತ್ತು ಕೂತ.

"ಸೆಲ್ವಕ್ಕ, ನನ್ ಕಂಟೈನರ್ ಎಲ್ಲಿ?"

"ನಿಂತಿತ್ತು, ತೆಗ್ದಾಕ್ದೆ" ಎಂದವಳ ಮುಖ ಅಷ್ಟರಲ್ಲೇ ಇಳಿಯಿತು. ತನ್ನಿಂದ ಹುಡುಗನ ಅನ್ನಕ್ಕೆ ಕುತ್ತು ಬಂದರೆ? ನಿಜವಾಗಿಯೂ ಹೆದರಿದಳು. "ಅಯ್ಯೋ ಗೋಪಾಲು, ನಿಂದಂತ ನೋಡ್ಲಿಲ್ಲ ಕಣೋ. ಏನ್ ಮಾಡ್ಲಿ ಹೇಳು."

"ನೀನೇನ್ ಮಾಡ್ತೀಯ? ರಾತ್ರಿಯೆಲ್ಲ ಕೂತು ಮತ್ತೆ ಮಾಡ್ತೀನಿ. ಬೆಳಿಗ್ಗೆ ಅಮ್ಮನ ಬಿಂದಿಗೆ ಮಾತ್ರ ನೀನ್ ಕಾಯ್ಬೇಕು. ನಾಳೆ ಒಂದಿನ ಅಲ್ಲ. ಇನ್ನು ಯಾವತ್ತೂ ಅದನ್ನ ತಳ್ಳಂಗಿಲ್ಲ."

ಸೆಲ್ವಿ ತಾಯಾಣೆ ಇಟ್ಟು ಒಪ್ಪಿದಳು.

ಮರುದಿನ ನೀರು ಬಂತು. ಒಡತಿ ಇಲ್ಲದ ಹಸಿರು ಬಿಂದಿಗೆಯ ಪಕ್ಕದಲ್ಲಿ ಸೆಲ್ವಿ ಕಾವಲು ನಿಂತಿದ್ದಳು. "ಇದನ್ನ ಯಾರೂ ಮುಟ್ಬೇಡಿ" ಎಂದು ನಮಗೆಲ್ಲ ತಾಕೀತು ಬೇರೆ ಮಾಡಿದಳು. ಬಿಂದಿಗೆ ತುಂಬಿದ ಮೇಲೆ ಮುತ್ಯಾಲಮ್ಮ ಎಲೆ ಜಗಿಯುತ್ತಾ ಬಂದಳು.

"ಪಾಪ, ಗೋಪಾಲು ರಾತ್ರಿಯೆಲ್ಲ ಮಲಗ್ಲೇ ಇಲ್ವಾ?" ಎಂದು ಸೆಲ್ವಿ ಕೇಳಿದಳು.

"ಅವ್ನಾ? ಉಂಡು ಬಿದ್ಕೊಂಡೋನು ಈಗ್ ತಾನೆ ಎದ್ದ. ಅವನ ಗೊರಕೆಗೆ ನಂಗೇ ನಿದ್ದೆ ಇಲ್ಲ. ಯಾಕಮ್ಮ?"

ಸೆಲ್ವಿ ಸಿಕ್ಕಿದ ಬಸ್ ಹತ್ತಿ ಆಫೀಸಿಗೆ ಹೋದವಳೇ ಇಮೇಜ್‌ಗಳ ಪಟ್ಟಿ ತೆಗೆದಳು. ಹಿಂದಿನ ದಿನವೇ ನೋಡಬಹುದಿತ್ತು, ಗಾಬರಿಯಲ್ಲಿ ಹೊಳೆದಿರಲಿಲ್ಲ. ಅಲ್ಲೊಂದು ಹೊಸ ಇಮೇಜ್. ಅದರ ಹೆಸರು 'ಸೆಲ್ವಕ್ಕ-ಬತ್ತಾಳೆ'. ಊಟಕ್ಕೆ ಏಳುವ ಮುಂಚೆಯೇ ಗೋಪಾಲ್ ತಿದ್ದಿದ್ದನ್ನೆಲ್ಲ ಸೇರಿಸಿ ಹೊಸ ಅಚ್ಚು ತೆಗೆದಿಟ್ಟಿದ್ದ. ಅಮ್ಮನ ಬಿಂದಿಗೆ ಉರುಳುವುದನ್ನು ದಿನಾ ನೋಡಿದವನಲ್ಲವೇ!

ಅಷ್ಟೊತ್ತಿಗೆ ಗೋಪಾಲ್ ಬಂದು ಅದರಿಂದ ಹೊಸ ಕಂಟೈನರ್ ಎಬ್ಬಿಸಿದ್ದ, ಒಳಗೆ ಅಂಬರೀಶ್ ಅದೇ ಪ್ರೋಗ್ರಾಂ ನೋಡಿ ತಲೆದೂಗುತ್ತಿದ್ದರು. ಸೆಲ್ವಿಗೆ ಮೈಯೆಲ್ಲ ಉರಿಯಿತು. ಆ ಇಮೇಜನ್ನು ಅಳಿಸುವ ಕಮಾಂಡ್ ಹೊಡೆದೇಬಿಟ್ಟಳು. ಅಳಿಸುವ ಮನಸ್ಸಿತ್ತೋ ಹೆದರಿಸುವ ಮನಸ್ಸಿತ್ತೋ, ಅವಳಿಗೇ ಗೊತ್ತು. ಆಗುವುದಿಲ್ಲ, ಇದರ ಕಂಟೈನರ್ ಓಡುತ್ತಿದೆ ಎಂದಿತು ಯಂತ್ರ. ಆಳಿದ್ದರೆ ಯಾರೂ ಮುಟ್ಟುವ ಹಾಗಿಲ್ಲ! ತನ್ನ ಕಾನೂನೇ ತನಗೆ ಅಡ್ಡ ಬಂದದ್ದು ಕಂಡು ಸೆಲ್ವಿ ಗೊಳ್ಳೆಂದು ನಕ್ಕುಬಿಟ್ಟಳು.

ಇದನ್ನೆಲ್ಲ ನನಗೆ ಹೇಳಿದ್ದು ಅವಳೇ, ಮುತ್ಯಾಲಮ್ಮನ ಬಿಂದಿಗೆ ಕಾಯುತ್ತಾ. ತಾಯಾಣೆ ಇಟ್ಟಿದ್ದಾಳಲ್ಲ, ಈಗಲೂ ಕಾಯುತ್ತಾಳೆ. ಕತೆ ಕೇಳಿ ನಗುತ್ತಾ ನಾನು ಒಲೆ ಆರಿಸಿ ಬರಲು ಮನೆಗೆ ಹೋದೆ. ವಾಪಸ್ ಬರುವಷ್ಟರಲ್ಲಿ ನನ್ನ ಬಿಂದಿಗೆ ಚರಂಡಿ ಪಕ್ಕದಲ್ಲಿತ್ತು.