ಬೆಳಕಿನ ಮದ್ದು ಮತ್ತು ನನ್ನ ದೃಷ್ಟಿಬೊಟ್ಟು

ಬಂತು! ನಮ್ಮ ನಾಯಿಯ ಸೊಂಟದ ಮೇಲೆ ಕೂದಲು ಬಂತು! ಅಂಗೈಯಗಲ ಬೋಳಾಗಿ ಕೀವು ಸೋರುತ್ತಿದ್ದ ಜಾಗದಲ್ಲಿ ಈಗ ರಾಗಿ ಪೈರು ಹುಟ್ಟಿದ ಹಾಗೆ ಕೂದಲೆದ್ದಿದೆ. ಇವತ್ತು ಪಶು ಆಸ್ಪತ್ರೆಯ ಡಾಕ್ಟರಮ್ಮನೇ ಬೆರಳಾಡಿಸಿ ನೋಡಿ, "ವಾಸಿಯಾಯ್ತು, ಇನ್ನು ಬರಬೇಡಿ" ಎಂದರು. ಬರಬೇಡಿ ಎನ್ನಿಸಿಕೊಂಡು ಇಷ್ಟು ಹಿಗ್ಗಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು.

ಮಂಡ್ಯದ ಗುತ್ತಲಿನಲ್ಲಿ ನಮ್ಮ ಮನೆ. ನಾನು, ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು. ನಾಯಿ ಅವಳದ್ದು. ಆ ಗಾಯಕ್ಕೆ ಮುಲಾಮು, ಮಾತ್ರೆ ಎಲ್ಲ ಆಗಿತ್ತು. ಒಣಗುವುದು, ನಾಯಿ ನೆಕ್ಕುವುದು, ಮತ್ತೆ ಕೀವು. ಮನೆಯೆಲ್ಲ ವಾಸನೆ. ಕೊನೆಗೆ ಮಗ ಹೇಳಿಬಿಟ್ಟ: "ಈ ಸಲ ವಾಸಿ ಆಗ್ನಿಲ್ಲ ಅಂದ್ರೆ ಬೆಳಕವಾಡಿ ಮಾವನ ತೋಟಕ್ಕೆ ಬುಟ್ಬುಟ್ಟು ಬತ್ತೀನಿ ಕಣವ್ವ." ಮೊಮ್ಮಗಳು ಎರಡು ದಿನ ಅಪ್ಪನ ಜೊತೆ ಮಾತೇ ಆಡಲಿಲ್ಲ.

ಆಗ ಡಾಕ್ಟರಮ್ಮ, ಔಷಧಿಯ ಜೊತೆಗೆ ಬೆಳಕು ಕೊಟ್ಟು ನೋಡೋಣ ಎಂದರು. ಸೂರ್ಯ ಬಿಟ್ಟಿ ಕೊಡುತ್ತಾನಲ್ಲ ಎಂದುಕೊಂಡೆ. ಇದು ಬೇರೆ. ಟಾರ್ಚಿನಂಥ ಮಷಿನ್ನು, ತುದಿಯಲ್ಲಿ ಕೆಂಪು ಬೆಳಕು. ಅದನ್ನು ಗಾಯದ ಮೇಲೆ ನಿಧಾನಕ್ಕೆ ಆಡಿಸುತ್ತಾರೆ. ಕಣ್ಣಿಗೆ ಬೀಳಬಾರದೆಂದು ಎಲ್ಲರಿಗೂ ಕನ್ನಡಕ. ನಾಯಿಗೂ! ನನಗೂ ಒಂದು ಹಾಕಿದರು.

"ಅಜ್ಜಿ, ನೀನು ರೌಡಿ ಥರ ಕಾಣ್ತೀಯ" ಎಂದು ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ಮೂರು ವಾರಕ್ಕೆ ಗಾಯ ಒಣಗಿ, ಅಂಚಿನಲ್ಲಿ ನಾಲ್ಕು ಕೂದಲು ಕಂಡವು. ಎದುರುಮನೆಯಾಕೆ ಬಂದು ನೋಡಿ, "ಅಯ್ಯೋ, ಎಷ್ಟು ಬಿರ್ನೆ ವಾಸಿಯಾಯ್ತಾ ಅದೆ ಕಣಕ್ಕ!" ಎಂದು ಗಲ್ಲಕ್ಕೆ ಕೈ ಹಚ್ಚಿದಳು. ಕೂಸಾಗಲಿ, ಕರುವಾಗಲಿ, ಹಾಗೆ ಕಣ್ಣು ಬಿದ್ದರೆ ಸುಮ್ಮನಿರುತ್ತೇವೆಯೇ? ಮಾರನೆಯ ದಿನ ಆಸ್ಪತ್ರೆಗೆ ಹೊರಡುವ ಮುಂಚೆ, ಯಾರಿಗೂ ಹೇಳದೆ, ದೀಪದ ಕಪ್ಪನ್ನು ಹರಳೆಣ್ಣೆಯಲ್ಲಿ ಕಲಸಿ, ಹೊಸ ಕೂದಲಿನ ಪಕ್ಕದಲ್ಲೇ ರೂಪಾಯಿಯಗಲ ಬೊಟ್ಟಿಟ್ಟೆ.

ಆಸ್ಪತ್ರೆಯಲ್ಲಿ ಬೆಳಕು ಆ ಬೊಟ್ಟಿನ ಮೇಲೆ ಬಂದದ್ದೇ ತಡ, ನಾಯಿ ಕುಂಯ್ ಎಂದು ಮೇಜಿನಿಂದ ನೆಗೆಯಿತು. ಡಾಕ್ಟರಮ್ಮ ಮಷಿನ್ನು ಆರಿಸಿದರು.

"ಇಲ್ಲಿ ಚರ್ಮ ಕಪ್ಪಾಗಿದೆಯಲ್ಲ! ಹೋದ ಸಲ ಇರಲಿಲ್ಲ."

"ಕೆಟ್ಟೋಯ್ತಾ ಮೇಡಂ?" ಎಂದ ಮಗ. ಮೊಮ್ಮಗಳ ಕಣ್ಣು ತುಂಬಿತು. ನನಗೆ ತಡೆಯಲಾಗಲಿಲ್ಲ.

"ಏನೂ ಕೆಟ್ಟಿಲ್ಲ ಕಣವ್ವ, ದಿಷ್ಟಿಬೊಟ್ಟು ಅದು. ನಾನೇ ಇಟ್ಟೆ."

ಡಾಕ್ಟರಮ್ಮ ಹತ್ತಿಯಲ್ಲಿ ಒರೆಸಿದರು. ಹತ್ತಿ ಕಪ್ಪಾಯಿತು, ಕೆಳಗೆ ಗುಲಾಬಿ ಚರ್ಮ.

"ಅಜ್ಜಿ, ಕಪ್ಪು ಬಣ್ಣ ಬೆಳಕನ್ನ ಹೀರ್ಕೊಂಡು ಕಾಯುತ್ತೆ. ಅದಕ್ಕೇ ನಾಯಿಗೆ ಚುರುಕ್ ಅಂತು. ಇನ್ಮೇಲೆ ಏನೂ ಹಚ್ಚಬೇಡಿ."

"ಅಲ್ಲ ಕಣವ್ವ, ನಾಯಿಗೂ ದಿಷ್ಟಿ ಆಯ್ತದಾ?" ಎಂದು ಮಗ ರೇಗಿದ.

"ನಿನ್ನಂಥ ಮೂತಿಗೇ ಆಯ್ತಿತ್ತು ಕಣ್ಲಾ, ದಿನಾ ಇಡ್ತಿದ್ದೆ!"

ಡಾಕ್ಟರಮ್ಮ ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡರು.

ಆಮೇಲೆ ನಾನು ಆ ಜಾಗ ಮುಟ್ಟಲಿಲ್ಲ. ಪ್ರತಿ ಸಲವೂ ನಾಯಿಯ ತಲೆ ಹಿಡಿದು ಕೂತಿದ್ದೆ, ಅಷ್ಟೇ. ಇವತ್ತು ಆಸ್ಪತ್ರೆಯ ಬಾಗಿಲಲ್ಲೇ ಮಗಳಿಗೆ ಫೋನು ಮಾಡಿದೆ. ಅವಳು ಮದ್ದೂರಿನಲ್ಲಿದ್ದಾಳೆ.

"ನಾಯಿಗೆ ಕೂದ್ಲು ಬಂತೂಂತ ಯಾರಾದ್ರೂ ನೆಂಟ್ರನ್ನ ಕರೀತಾರಾ ಅವ್ವ?" ಎಂದಳು. ಸಂಜೆಯ ಬಸ್ಸಿಗೆ ಗಂಡನನ್ನೂ ಕರೆದುಕೊಂಡು ಬಂದೇಬಿಟ್ಟಳು.

ಸೊಸೆ ಬಸ್ಸಾರು ಮಾಡಿದ್ದಳು. ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತೆವು. ಮೊಮ್ಮಗಳು ಅಪ್ಪನ ಪಕ್ಕ, ನಾಯಿ ಅವರಿಬ್ಬರ ನಡುವೆ ತೂರಿಕೊಂಡು.

"ತೋಟಕ್ಕೆ ಯಾವಾಗ ಬುಡ್ತೀಯಪ್ಪ?" ಎಂದು ಅವಳು ನನ್ನ ಹಾಗೆಯೇ ಮಾತಾಡಿ ಕೆಣಕಿದಳು.

"ಸುಮ್ಕೆ ಉಣ್ಣಮ್ಮಿ" ಎಂದ ಮಗ. ಬಿಸಿ ಮುದ್ದೆಯ ಒಂದು ಚೂರು ಮುರಿದು, ಊದಿ ಊದಿ ಆರಿಸಿ, ನಾಯಿಯ ಬಾಯಿಗಿಟ್ಟ. ಸೊಸೆ ಇನ್ನೊಂದು ಮುದ್ದೆ ಕಟ್ಟಲು ಎದ್ದಳು.